ಮನೋವೈದ್ಯಶಾಸ್ತ್ರದ ಕವಲುದಾರಿಗಳು: ಆಯ್ಕೆ ಹೇಗಿರಬೇಕು?

ಎರಡು ವರ್ಷಗಳ ಹಿಂದಿನ ಮಾತು. ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಪದವಿಯ ಕೊನೆಯ ವರ್ಷ ಓದುತ್ತಿದ್ದ ಯುವತಿಯೊಬ್ಬಳು ತನ್ನ ತಂದೆಯೊಡನೆ ನಮ್ಮನ್ನು ಕಾಣಲು ಬಂದಿದ್ದಳು. ತಂದೆ ಹಾವೇರಿ ಕಡೆಯ ರೈತರು. ಮಗಳು ಮುಂದೆ ಯಾವ ಶಾಖೆಯಲ್ಲಿ ವಿಶೇಷ ಅಧ್ಯಯನ ಮಾಡಿದರೆ ಒಳಿತೆಂದು ಕೇಳುವುದು ಅವರ ಉದ್ದೇಶ. ಮಕ್ಕಳ ಮನೋವೈದ್ಯ, ವೃದ್ಧರ ಮನೋವೈದ್ಯ, ವ್ಯಸನ ಚಿಕಿತ್ಸೆ ಎಂದು ಮಗಳು ಒಂದೊಂದಾಗಿ ಹೆಸರಿಸುತ್ತಿದ್ದಾಗ ಆ ಹಿರಿಯರು ನಡುವೆ ಬಾಯಿಹಾಕಿ, "ಮನಸ್ಸು ಅಂಬೋದು ಒಂದ ಐತಲ್ರೀ ಡಾಕ್ಟರ್ರ, ಅದರಾಗ ಮತ್ತ ಎಷ್ಟು ಪಾಲು ಮಾಡ್ತೀರಿ?" ಎಂದು ಕೇಳಿದರು. ನಾವು ನಕ್ಕೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಾಗಿರಲಿಲ್ಲ.

ಮಗಳು ದೂರವಾಣಿ ಕರೆಗೆಂದು ಹೊರಗೆ ಹೋದಾಗ ಅವರು ದನಿ ತಗ್ಗಿಸಿ ಮತ್ತೊಂದು ಮಾತು ಹೇಳಿದರು. "ಆಕಿಗೆ ಕುಡಿಯೋರನ್ನ ನೋಡೋ ಡಾಕ್ಟರ್ ಆಗಬೇಕಂತರಿ. ನನ್ನ ಹಿರೇ ಮಗ ಕುಡಿದ ಕುಡಿದ ಹೋದ. ಅದನ್ನ ದಿನಾ ನೋಡಬೇಕೇನ್ರಿ ಆಕಿ? ನೀವ ಒಂದ ಮಾತು ಹೇಳ್ರಿ." ಮಗಳು ಒಳಗೆ ಬಂದೊಡನೆ ಅವರು ಸುಮ್ಮನಾದರು. ಅವಳ ಮುಖ ನೋಡಿದಾಗ, ತಂದೆ ಏನು ಹೇಳಿರಬಹುದೆಂಬುದು ಅವಳಿಗೂ ತಿಳಿದಿದೆಯೆಂದು ನಮಗೆ ಅನಿಸಿತು.

ಅಂದು ನಾವು ಅವರಿಬ್ಬರಿಗೆ ಹೇಳಿದ ಮಾತುಗಳನ್ನೂ, ಆ ಮೇಲೆ ನಮಗೆ ಹೊಳೆದ ಕೆಲವು ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇವೆ. ವೈದ್ಯಕೀಯ ಓದುತ್ತಿರುವ ಮಕ್ಕಳಿರುವ ಮನೆಗಳಿಗೆ ಇದು ಉಪಯೋಗವಾದೀತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಮಾನಸಿಕ ತೊಂದರೆಯಿಂದ ಬಳಲುವವರು ಇದ್ದಾಗ ಯಾವ ವೈದ್ಯರ ಬಳಿಗೆ ಏಕೆ ಹೋಗಬೇಕೆಂಬುದು ಎಲ್ಲ ಓದುಗರಿಗೂ ತಿಳಿದಿರಬೇಕಾದ ವಿಷಯ.

ಒಂದು ಮರ, ಹಲವು ಕೊಂಬೆ

ನಮ್ಮ ನಾಡಿಗೂ ಮನೋವೈದ್ಯಶಾಸ್ತ್ರಕ್ಕೂ ಹಳೆಯ ನಂಟು. ಧಾರವಾಡ ಮತ್ತು ಬೆಂಗಳೂರುಗಳಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಮಾನಸಿಕ ರೋಗಿಗಳ ಆಶ್ರಯಗಳು ಸ್ಥಾಪನೆಯಾಗಿದ್ದವು. ಅಂದಿನ ಆ ಸಂಸ್ಥೆಗಳಲ್ಲಿ ಚಿಕಿತ್ಸೆಗಿಂತ ಕಾವಲೇ ಮುಖ್ಯವಾಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಆ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ರೂಪುಗೊಂಡಿತು. ಧಾರವಾಡದ ಆಸ್ಪತ್ರೆಯು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಬೆಳೆದು ಇಂದು ಉತ್ತರ ಕರ್ನಾಟಕದ ಜನರಿಗೆ ಆಸರೆಯಾಗಿದೆ.

ಮನೋವೈದ್ಯರಾಗಲು ಮೊದಲು ಎಂ.ಬಿ.ಬಿ.ಎಸ್. ಪದವಿ ಬೇಕು. ಅದಕ್ಕೆ ಒಂದು ವರ್ಷದ ತರಬೇತಿ ಸೇರಿ ಐದೂವರೆ ವರ್ಷ. ಅನಂತರ ಮೂರು ವರ್ಷಗಳ ಎಂ.ಡಿ. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಇಷ್ಟು ಮುಗಿಸಿದವರು ಎಲ್ಲ ಬಗೆಯ ಮಾನಸಿಕ ಕಾಯಿಲೆಗಳಿಗೂ ಚಿಕಿತ್ಸೆ ನೀಡಬಲ್ಲ ಪೂರ್ಣ ಮನೋವೈದ್ಯರು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಇದರ ಮೇಲೆ ಇನ್ನೊಂದು ಪದವಿ ಇಲ್ಲದಿದ್ದರೆ ಓದು ಅಪೂರ್ಣವೆಂಬ ಭಾವನೆ ಇತ್ತೀಚೆಗೆ ವಿದ್ಯಾರ್ಥಿಗಳಲ್ಲಿಯೂ ಅವರ ಹೆತ್ತವರಲ್ಲಿಯೂ ಬೇರೂರುತ್ತಿದೆ.

ಮುಂದೆ ಓದಬಯಸುವವರಿಗೆ ಎರಡು ದಾರಿಗಳುಂಟು. ಮೊದಲನೆಯದು ಮೂರು ವರ್ಷಗಳ ಡಿ.ಎಂ. ಪದವಿ. ನಮ್ಮ ದೇಶದಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಶಾಸ್ತ್ರ, ವ್ಯಸನ ಮನೋವೈದ್ಯಶಾಸ್ತ್ರ ಹಾಗೂ ವೃದ್ಧರ ಮನೋವೈದ್ಯಶಾಸ್ತ್ರಗಳಲ್ಲಿ ಡಿ.ಎಂ. ವ್ಯಾಸಂಗವಿದ್ದು, ನಿಮ್ಹಾನ್ಸ್‌ನಲ್ಲಿ ಈ ಮೂರೂ ಲಭ್ಯವಿವೆ. ಸ್ಥಾನಗಳು ಬಲು ಕಡಿಮೆ, ಪ್ರವೇಶ ಪರೀಕ್ಷೆ ಬಲು ಕಠಿಣ. ಎರಡನೆಯ ದಾರಿ ಒಂದು ವರ್ಷದ ಫೆಲೋಶಿಪ್. ಸಮುದಾಯ ಮನೋವೈದ್ಯಶಾಸ್ತ್ರ, ನ್ಯಾಯ ಮನೋವೈದ್ಯಶಾಸ್ತ್ರ, ಸ್ತ್ರೀಯರ ಮಾನಸಿಕ ಆರೋಗ್ಯ, ಗೀಳು ರೋಗ, ಮೆದುಳಿನ ಉದ್ದೀಪನ ಚಿಕಿತ್ಸೆ ಮುಂತಾದ ವಿಷಯಗಳಲ್ಲಿ ಇಂತಹ ತರಬೇತಿ ದೊರೆಯುತ್ತದೆ.

ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಪ್ರತಿಯೊಂದು ಶಾಖೆಯೂ ವೈದ್ಯನಿಂದ ಒಂದೊಂದು ಬಗೆಯ ಗುಣವನ್ನು ಬೇಡುತ್ತದೆ. ಆ ಗುಣ ತನ್ನಲ್ಲಿದೆಯೇ, ಇಲ್ಲವಾದರೆ ಬೆಳೆಸಿಕೊಳ್ಳಬಲ್ಲೆನೇ ಎಂದು ನೋಡಿಕೊಳ್ಳುವುದೇ ಆಯ್ಕೆಯ ಮೊದಲ ಹೆಜ್ಜೆ.

ಮಕ್ಕಳ ಮನಸ್ಸು

ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷ ವಯಸ್ಸಿನೊಳಗೇ ಆರಂಭವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದುದರಿಂದ ಮಕ್ಕಳ ಮನೋವೈದ್ಯರ ಕೆಲಸ ಬಿತ್ತನೆಯ ಕಾಲದಲ್ಲಿಯೇ ಹೊಲ ನೋಡಿಕೊಳ್ಳುವಂತಹುದು. ಆಟಿಸಂ, ಬುದ್ಧಿಶಕ್ತಿಯ ಬೆಳವಣಿಗೆಯಲ್ಲಿ ಹಿನ್ನಡೆ, ಗಮನ ಕೊರತೆ ಮತ್ತು ಅತಿಚಟುವಟಿಕೆ, ಕಲಿಕಾ ನ್ಯೂನತೆ, ಹದಿಹರೆಯದ ಖಿನ್ನತೆ, ಲೈಂಗಿಕ ದೌರ್ಜನ್ಯದಿಂದ ಘಾಸಿಗೊಂಡ ಮನಸ್ಸು, ಇವೆಲ್ಲ ಇಲ್ಲಿ ಬರುತ್ತವೆ.

ಇಲ್ಲಿ ರೋಗಿ ಒಬ್ಬನಲ್ಲ. ಮಗುವಿನ ಜೊತೆಗೆ ತಾಯಿ, ತಂದೆ, ಅಜ್ಜಿ, ಶಾಲೆಯ ಗುರುಗಳು ಎಲ್ಲರೂ ಚಿಕಿತ್ಸೆಯ ಭಾಗ. ಮಗು ತನ್ನ ದುಃಖವನ್ನು ಮಾತಿನಲ್ಲಿ ಹೇಳದು. ಹೊಟ್ಟೆನೋವೆಂದು ಹೇಳೀತು, ಶಾಲೆಗೆ ಹೋಗಲು ಹಟ ಹಿಡಿದೀತು, ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡೀತು. ಒಂದು ಭೇಟಿಗೆ ಒಂದು ಗಂಟೆ ಬೇಕಾದೀತು. ಅನೇಕ ಸಲ ಬರೆದುಕೊಡುವ ಮಾತ್ರೆ ಸ್ವಲ್ಪ, ಹೆತ್ತವರಿಗೆ ಕಲಿಸಬೇಕಾದುದು ಬಹಳ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳೂ ಸೇರಿವೆ. ಆದ್ದರಿಂದ ವೈದ್ಯರು ಬರೆದುಕೊಡುವ ಒಂದು ಪ್ರಮಾಣಪತ್ರದಿಂದ, ದಡ್ಡನೆನಿಸಿಕೊಂಡ ಹುಡುಗನೊಬ್ಬನಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ದೊರೆತು ಅವನ ಬದುಕೇ ಬದಲಾಗಬಹುದು.

ಆತುರದ ಸ್ವಭಾವದವರಿಗೆ ಈ ಶಾಖೆ ಹಿಡಿಸದು. ಮಗುವಿನೊಡನೆ ನೆಲದ ಮೇಲೆ ಕುಳಿತು ಆಡಬಲ್ಲವರೇ ಅದರ ಕೋಪಕ್ಕೂ ಕಿವಿಗೊಡಬಲ್ಲರು.

ವೃದ್ಧಾಪ್ಯ: ನಾವು ಎಡವಿದ ಕತೆ

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು ಹತ್ತು ಕೋಟಿಗೂ ಹೆಚ್ಚು. ಈಗ ಆ ಸಂಖ್ಯೆ ಇನ್ನೂ ಏರಿದೆ. ಹಿರಿಯರ ಬಗ್ಗೆ ನಡೆದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಅವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾ ಎಂಬ ಮರೆವಿನ ರೋಗದಿಂದ ಬಳಲುತ್ತಿದ್ದಾರೆ.

ಈ ಶಾಖೆಯ ಬೆಲೆ ಏನೆಂಬುದನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದ. ವೃತ್ತಿಯ ಆರಂಭದ ದಿನಗಳಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಮಗ ಮತ್ತು ಸೊಸೆ ನಮ್ಮಲ್ಲಿಗೆ ಕರೆತಂದಿದ್ದರು. ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಅಜ್ಜಿ ಮಂಕಾಗಿದ್ದರು, ಊಟ ಸೇರುತ್ತಿರಲಿಲ್ಲ, ಮಾತು ಕಡಿಮೆಯಾಗಿತ್ತು. ಅಗಲಿಕೆಯ ದುಃಖ ಖಿನ್ನತೆಗೆ ತಿರುಗಿದೆಯೆಂದು ನಿರ್ಧರಿಸಿ ಔಷಧಿ ಆರಂಭಿಸಿದೆವು. ಎರಡು ವಾರ ಬಿಟ್ಟು ಬಂದಾಗ ಹೆಚ್ಚು ನಿದ್ದೆ ಮಾಡುತ್ತಿದ್ದರು. ಔಷಧಿಯ ಪರಿಣಾಮವೆಂದು ಪ್ರಮಾಣ ತಗ್ಗಿಸಿದೆವು. ಮತ್ತೆ ಬಂದಾಗ ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದರು. ಆಗ ಸೊಸೆ ನೆನಪಿಸಿಕೊಂಡು, "ತಿಥಿ ಕಳೆದ ಮರುದಿನ ಬಚ್ಚಲದಾಗ ಜಾರಿ ಬಿದ್ದಿದ್ರು, ಗಾಯ ಏನೂ ಆಗಿರಲಿಲ್ಲ" ಎಂದಳು. ಸಹೋದ್ಯೋಗಿಯೊಬ್ಬರು ತಲೆಯ ಸ್ಕ್ಯಾನ್ ಮಾಡಿಸಲು ಒತ್ತಾಯಿಸಿದರು. ತಲೆಬುರುಡೆಯ ಒಳಗೆ, ಮೆದುಳಿನ ಹೊದಿಕೆಯ ಕೆಳಗೆ ರಕ್ತ ಮೆಲ್ಲಮೆಲ್ಲನೆ ಸಂಗ್ರಹವಾಗಿ ಮೆದುಳನ್ನು ಒತ್ತುತ್ತಿತ್ತು.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದರ ಮೇಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಬಿಗಿಯುತ್ತವೆ. ಚಿಕ್ಕ ಪೆಟ್ಟಿಗೂ ಅವು ಹರಿದು, ವಾರಗಟ್ಟಲೆ ರಕ್ತ ಜಿನುಗಬಹುದು. ಇದನ್ನು ನಾವು ಓದಿರಲಿಲ್ಲವೆಂದಲ್ಲ. ವಿಧವೆಯ ಮೌನವನ್ನು ಕಂಡೊಡನೆ ನಮ್ಮ ಬುದ್ಧಿ ದುಃಖವೆಂಬ ಉತ್ತರಕ್ಕೆ ಜೋತುಬಿತ್ತು, ಮುಂದೆ ಏನನ್ನೂ ಕೇಳಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಅಜ್ಜಿ ಚೇತರಿಸಿಕೊಂಡರು. ಆದರೆ ಎಡಗೈಯ ಶಕ್ತಿ ಪೂರ್ತಿಯಾಗಿ ಮರಳಲಿಲ್ಲ. ಕೊನೆಯ ಭೇಟಿಯಲ್ಲಿ ಅವರು ನಮಗೆ ಬಲಗೈಯೊಂದನ್ನೇ ಎತ್ತಿ ಆಶೀರ್ವಾದ ಮಾಡಿದರು. ಅದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ವೃದ್ಧರ ಮನೋವೈದ್ಯಶಾಸ್ತ್ರವನ್ನು ಆರಿಸುವವರಿಗೆ ಮನಸ್ಸಿನ ಜ್ಞಾನದಷ್ಟೇ ದೇಹದ ಜ್ಞಾನವೂ ಇರಬೇಕು. ಖಿನ್ನತೆ, ಡಿಮೆನ್ಷಿಯಾ, ಸೋಂಕಿನಿಂದಲೋ ಔಷಧಿಯಿಂದಲೋ ಹಠಾತ್ತನೆ ಉಂಟಾಗುವ ಬುದ್ಧಿಭ್ರಮೆ, ಈ ಮೂರೂ ಹೊರಗಿನಿಂದ ಒಂದೇ ತೆರನಾಗಿ ಕಾಣಬಹುದು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆಗಳೂ ಮರೆವಿನ ವೇಷದಲ್ಲಿ ಬರುತ್ತವೆ. ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಬೇಕು. ಗುಣವಾಗದ ಕಾಯಿಲೆಯ ಜೊತೆ ಹತ್ತು ವರ್ಷ ನಡೆಯುವ ತಾಳ್ಮೆ ಬೇಕು. ರೋಗಿಯನ್ನು ನೋಡಿಕೊಳ್ಳುವ ಸೊಸೆಯ ಅಥವಾ ಮಗಳ ಬಳಲಿಕೆಯನ್ನೂ ಕೇಳಿ ತಿಳಿಯಬೇಕು.

ವ್ಯಸನ: ಮರಳಿ ಬೀಳುವವರ ಜೊತೆಗೆ

ನಮ್ಮ ಹಳ್ಳಿಗಳಲ್ಲಿ ಕುಡಿತವನ್ನು ಇಂದಿಗೂ ಚಾರಿತ್ರ್ಯದ ದೋಷವೆಂದೇ ತಿಳಿಯುತ್ತಾರೆ. 2015-16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನದ ರೋಗಿಗಳಲ್ಲಿ ಸುಮಾರು ಶೇ. 86 ಮಂದಿಗೆ ಯಾವ ಚಿಕಿತ್ಸೆಯೂ ದೊರೆಯುತ್ತಿಲ್ಲ. ಬೈಗುಳ ದೊರೆಯುತ್ತದೆ, ಆಣೆ ಪ್ರಮಾಣ ದೊರೆಯುತ್ತದೆ, ಚಿಕಿತ್ಸೆಯೊಂದೇ ದೊರೆಯುವುದಿಲ್ಲ.

ಓದುಗರು ಎರಡು ಸಂಗತಿಗಳನ್ನು ನೆನಪಿಡಬೇಕು. ಅನೇಕ ವರ್ಷ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನ ಇಲ್ಲದುದು ಕಣ್ಣಿಗೆ ಕಂಡು, ಜ್ವರವೇರಿ ಜೀವಕ್ಕೇ ಅಪಾಯವಾಗಬಹುದು. ಇಂತಹವರನ್ನು ಕೋಣೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಸೇರಿಸಬೇಕು. ಎರಡನೆಯದಾಗಿ, ಕುಡಿತ ಬಿಡಿಸುವ ಮಾತ್ರೆಯೆಂದು ಡೈಸಲ್ಫಿರಾಂ ಔಷಧಿಯನ್ನು ಗಂಡನಿಗೆ ತಿಳಿಯದಂತೆ ಅನ್ನದಲ್ಲಿಯೋ ಸಾರಿನಲ್ಲಿಯೋ ಬೆರೆಸಿ ಕೊಡುವ ರೂಢಿಯಿದೆ. ಅದು ಹೊಟ್ಟೆಯಲ್ಲಿರುವಾಗ ಅವನು ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕಾದ ಔಷಧಿ ಅದು.

ಈ ಶಾಖೆ ವೈದ್ಯನಿಂದ ಬೇಡುವುದು ಕ್ಷಮೆಯನ್ನಲ್ಲ, ಸಮಚಿತ್ತವನ್ನು. ವ್ಯಸನ ಮರುಕಳಿಸುವ ಕಾಯಿಲೆ. ಸಕ್ಕರೆ ಕಾಯಿಲೆಯ ರೋಗಿ ಪಥ್ಯ ತಪ್ಪಿ ಮತ್ತೆ ಬಂದರೆ ವೈದ್ಯ ಸಿಟ್ಟಾಗುವುದಿಲ್ಲ. ಕುಡಿತ ಬಿಟ್ಟವನು ಮತ್ತೆ ಕುಡಿದು ಬಂದಾಗ ಮಾತ್ರ ನಮಗೆ ಮೋಸವಾದಂತೆ ಅನಿಸುತ್ತದೆ. ಆ ಅನಿಸಿಕೆಯನ್ನು ಗೆಲ್ಲಬಲ್ಲವರಿಗೆ ಈ ಶಾಖೆ.

ಆಸ್ಪತ್ರೆಯ ಒಳಗೆ, ಹೊರಗೆ, ನ್ಯಾಯಾಲಯದಲ್ಲಿ

ಬಾಣಂತಿ ಸನ್ನಿ ಎಂಬ ಮಾತನ್ನು ನಮ್ಮ ಹಿರಿಯರು ಬಲ್ಲರು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ತಾಯಿಗೆ ತೀವ್ರ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹಿಂದೆ ಇಂತಹ ತಾಯಿಯಿಂದ ಕೂಸನ್ನು ಬೇರ್ಪಡಿಸುತ್ತಿದ್ದರು. ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಪ್ರತ್ಯೇಕ ವಾರ್ಡು ಇದೆ. ಸ್ತ್ರೀಯರ ಮಾನಸಿಕ ಆರೋಗ್ಯವನ್ನು ಆರಿಸುವ ವೈದ್ಯೆ ಒಂದೇ ಹಾಸಿಗೆಯಲ್ಲಿ ಎರಡು ಜೀವಗಳ ಹೊಣೆ ಹೊರುತ್ತಾಳೆ. ಯಾವ ಔಷಧಿ ಎದೆಹಾಲಿನಲ್ಲಿ ಎಷ್ಟು ಸೇರುತ್ತದೆ ಎಂಬ ಲೆಕ್ಕವೂ ಅವಳಿಗೆ ಗೊತ್ತಿರಬೇಕು.

ದೊಡ್ಡ ಆಸ್ಪತ್ರೆಗಳಲ್ಲಿ ಇತರ ವಿಭಾಗಗಳ ರೋಗಿಗಳ ಮನಸ್ಸನ್ನು ನೋಡುವ ಇನ್ನೊಂದು ಶಾಖೆಯಿದೆ. ಕೀಟನಾಶಕ ಕುಡಿದು ತೀವ್ರ ನಿಗಾ ಘಟಕದಲ್ಲಿ ಕಣ್ಣು ಬಿಟ್ಟ ರೈತ, ಕ್ಯಾನ್ಸರೆಂದು ತಿಳಿದು ಮಾತು ಬಿಟ್ಟ ಗೃಹಿಣಿ, ಶಸ್ತ್ರಚಿಕಿತ್ಸೆಯ ಮರುರಾತ್ರಿ ಸೂಜಿ ಕಿತ್ತೆಸೆಯುವ ಮುದುಕ, ಇವರೆಲ್ಲರ ಬಳಿಗೂ ಕರೆ ಬಂದೊಡನೆ ಹೋಗಬೇಕು. ಬೇಗ ನಿರ್ಧರಿಸುವವರಿಗೆ, ಇತರ ವೈದ್ಯರೊಡನೆ ಹೊಂದಿ ಕೆಲಸ ಮಾಡುವವರಿಗೆ ಇದು ಸೂಕ್ತ.

ನ್ಯಾಯ ಮನೋವೈದ್ಯಶಾಸ್ತ್ರದಲ್ಲಿ ರೋಗಿಯ ಜೊತೆಗೆ ಕಾನೂನೂ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂದಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು ಅದು ಹೇಳುತ್ತದೆ. ಮುಂದೆ ಕಾಯಿಲೆಯಾದರೆ ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನೂ ಅದು ಕೊಟ್ಟಿದೆ. ಇಲ್ಲಿ ವೈದ್ಯ ಬರೆಯುವ ಒಂದು ವಾಕ್ಯದ ಮೇಲೆ ಒಬ್ಬನ ಬಿಡುಗಡೆ ಅಥವಾ ಬಂಧನ ನಿಂತಿರುತ್ತದೆ. ಅಳೆದು ಬರೆಯುವವರ ಶಾಖೆಯಿದು.

ಇನ್ನು ಸಮುದಾಯ ಮನೋವೈದ್ಯಶಾಸ್ತ್ರ. ಇದರಲ್ಲಿ ಕರ್ನಾಟಕದ ಪಾಲು ಹೆಮ್ಮೆಪಡುವಂತಹುದು. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ತಲುಪಿಸುವ ಪ್ರಯೋಗ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿದ್ದು ಬಳ್ಳಾರಿಯನ್ನು. ಆ ಮಾದರಿಯನ್ನು ಅನುಸರಿಸಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯಗಳು ಅದೇ ಬಳ್ಳಿಯ ಹೂಗಳು. ಈ ಶಾಖೆಯ ವೈದ್ಯ ದಿನಕ್ಕೆ ನೂರು ರೋಗಿಗಳನ್ನು ತಾನೇ ನೋಡುವುದಕ್ಕಿಂತ, ನೂರು ಜನ ಆಶಾ ಕಾರ್ಯಕರ್ತೆಯರಿಗೆ ರೋಗ ಗುರುತಿಸಲು ಕಲಿಸುವುದರಲ್ಲಿ ಸಾರ್ಥಕ್ಯ ಕಾಣಬೇಕು.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಇಷ್ಟನ್ನು ವಿವರಿಸಿದ ಮೇಲೆ ಆ ಯುವತಿ, "ಹಾಗಾದರೆ ನಾನು ಹೇಗೆ ನಿರ್ಧರಿಸಲಿ ಸರ್?" ಎಂದು ಕೇಳಿದಳು. ನಾವು ಅವಳಿಗೆ ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆವು.

ಮೊದಲನೆಯದು: ಯಾವ ರೋಗಿಯನ್ನು ಕಂಡರೆ ನಿನಗೆ ಕನಿಕರವಾಗುತ್ತದೆ ಎಂದಲ್ಲ, ಯಾವ ರೋಗಿ ಹತ್ತನೆಯ ಸಲ ಬಂದಾಗಲೂ ನಿನಗೆ ಬೇಸರವಾಗುವುದಿಲ್ಲ? ಕನಿಕರ ಮೊದಲ ತಿಂಗಳಿನದು, ಬೇಸರವಾಗದಿರುವುದು ಇಪ್ಪತ್ತು ವರ್ಷಗಳದು.

ಎರಡನೆಯದು: ಯಾವ ಬಗೆಯ ಫಲ ನಿನಗೆ ತೃಪ್ತಿ ಕೊಡುತ್ತದೆ? ಮಗುವಿನಲ್ಲಿ ಬದಲಾವಣೆ ವರ್ಷಗಳ ಮೇಲೆ ಕಾಣುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಎರಡು ದಿನಗಳಲ್ಲಿ ಕಾಣುತ್ತದೆ. ಡಿಮೆನ್ಷಿಯಾದಲ್ಲಿ ರೋಗ ಏರುತ್ತಲೇ ಇರುತ್ತದೆ, ಮನೆಯವರ ಭಾರ ಇಳಿದುದೇ ಅಲ್ಲಿನ ಫಲ.

ಮೂರನೆಯದು: ಎಲ್ಲಿ ನೆಲೆಸಬೇಕೆಂದಿರುವೆ? ಜಿಲ್ಲಾ ಕೇಂದ್ರದಲ್ಲಿ ಕೇವಲ ಒಂದು ಬಗೆಯ ರೋಗಿಗಳನ್ನು ನೋಡುವೆನೆಂದು ಕೂರಲಾಗದು. ನಮ್ಮ ದೇಶದಲ್ಲಿ ಒಂದು ಲಕ್ಷ ಜನರಿಗೆ ಮುಕ್ಕಾಲು ಮನೋವೈದ್ಯರಷ್ಟೇ ಇದ್ದಾರೆ, ಇರಬೇಕಾದವರು ಕನಿಷ್ಠ ಮೂವರು ಎಂಬುದು ತಜ್ಞರ ಲೆಕ್ಕ. ಇಷ್ಟು ಕೊರತೆಯ ನಾಡಿನಲ್ಲಿ, ತನ್ನ ಶಾಖೆಯ ಹೊರಗಿನ ರೋಗಿಯನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸುವ ತಜ್ಞತೆ ಯಾರಿಗೂ ಉಪಯೋಗವಿಲ್ಲ. ಒಂದರಲ್ಲಿ ಆಳವಿರಲಿ, ಎಲ್ಲದರಲ್ಲಿಯೂ ಎಚ್ಚರವಿರಲಿ. ಆ ಅಜ್ಜಿಯ ವಿಷಯದಲ್ಲಿ ನಮಗಿಲ್ಲದಿದ್ದುದು ಡಿ.ಎಂ. ಪದವಿಯಲ್ಲ, ಆ ಎಚ್ಚರ.

ನಾಲ್ಕನೆಯದನ್ನು ಬರೆಯುವಾಗ ನಮ್ಮ ಕೈ ಕೊಂಚ ತಡೆಯಿತು. ನಿನ್ನ ಆಯ್ಕೆಯಲ್ಲಿ ನಿನ್ನ ಮನೆಯ ನೋವಿನ ಪಾಲೆಷ್ಟು? ಅನೇಕ ಮನೋವೈದ್ಯರು ಈ ಶಾಸ್ತ್ರಕ್ಕೆ ಬಂದುದೇ ಮನೆಯ ಯಾರದೋ ಕಾಯಿಲೆಯನ್ನು ಕಂಡು. ಅದು ತಪ್ಪಲ್ಲ. ನೋವುಂಡವರಿಗೆ ನೋವಿನ ಭಾಷೆ ಬೇಗ ತಿಳಿಯುತ್ತದೆ. ಆದರೆ ಉಳಿಸಿಕೊಳ್ಳಲಾಗದವನನ್ನು ಪ್ರತಿ ರೋಗಿಯಲ್ಲಿಯೂ ಉಳಿಸಲು ಹೊರಟರೆ ರೋಗಿಗೂ ವೈದ್ಯನಿಗೂ ನೆಮ್ಮದಿಯಿಲ್ಲ. ಬಂದವನು ಸೋತರೆ ವೈದ್ಯನ ಪಾಲಿಗೆ ತನ್ನವರು ಮತ್ತೊಮ್ಮೆ ತೀರಿಕೊಂಡಂತಾಗುತ್ತದೆ.

ಅವಳು ಓದಿ ಕಾಗದ ಮಡಿಸಿದಳು. ತಂದೆ ಕಿಟಕಿಯ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳು, "ಅಣ್ಣ ಮೂರು ಸಲ ಬಿಟ್ಟಿದ್ದ ಸರ್. ಮೂರು ಸಲವೂ ಮತ್ತೆ ಕುಡಿದಾಗ ನಾವು ಯಾರೂ ಅವನ ಜೊತೆ ಮಾತಾಡಲಿಲ್ಲ" ಎಂದಳು. ಆ ಮನೆಯಲ್ಲಿ ಈ ಮಾತು ತಂದೆಯ ಎದುರು ಮೊದಲ ಸಲ ಆಡಿದ್ದೆಂದು ನಮಗೆ ತೋರಿತು. ಆ ಹಿರಿಯರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು, ಏನೂ ಹೇಳಲಿಲ್ಲ.

ನಾವು ಆ ಶಾಖೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಪದವಿಯ ಅರ್ಜಿ ಹಾಕುವ ಮೊದಲು ಒಂದು ವರ್ಷ ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ಹಿರಿಯ ನಿವಾಸಿ ವೈದ್ಯೆಯಾಗಿ ದುಡಿದು ನೋಡೆಂದೆವು. ಯಾವ ಶಾಖೆಯನ್ನು ಆರಿಸುವವರಿಗೂ ನಮ್ಮ ಸಲಹೆ ಇದೇ. ಪುಸ್ತಕದಲ್ಲಿ ಆಕರ್ಷಕವಾಗಿ ಕಂಡ ಶಾಖೆ ರಾತ್ರಿ ಎರಡು ಗಂಟೆಗೆ ಹೇಗಿರುತ್ತದೆಂಬುದನ್ನು ಕಂಡ ಮೇಲೆಯೇ ನಿರ್ಧರಿಸಬೇಕು. ಅಂತಹ ರಾತ್ರಿಗಳ ಭಾರವನ್ನು ಹಂಚಿಕೊಳ್ಳಲು ಒಬ್ಬ ಹಿರಿಯ ವೈದ್ಯರು ಜೊತೆಗಿರಬೇಕು.

ಮನೆಯವರಿಗೆ ಎರಡು ಮಾತು

ಹೆತ್ತವರು ಮಕ್ಕಳಿಗೆ ಯಾವ ಶಾಖೆಯಲ್ಲಿ ಹಣ ಹೆಚ್ಚು, ಯಾವುದರಲ್ಲಿ ಗೌರವ ಹೆಚ್ಚು ಎಂದು ಲೆಕ್ಕ ಹಾಕಿಕೊಡುವುದು ಸಹಜ. ಆದರೆ ಮನೋವೈದ್ಯನ ಸಾಧನ ಅವನ ಮನಸ್ಸೇ. ಒಲ್ಲದ ಶಾಖೆಯಲ್ಲಿ ಅದು ಬೇಗ ಮೊಂಡಾಗುತ್ತದೆ.

ರೋಗಿಗಳ ಮನೆಯವರೂ ಒಂದು ಸಂಗತಿ ತಿಳಿದಿರಬೇಕು. ವಿಶೇಷ ತಜ್ಞರು ಸಿಗುವವರೆಗೆ ಚಿಕಿತ್ಸೆಯನ್ನು ಮುಂದೂಡಬೇಕಾಗಿಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಮೊದಲು ನೋಡಲಿ, ಅಗತ್ಯವಿದ್ದರೆ ಅವರೇ ತಜ್ಞರ ಬಳಿಗೆ ಕಳುಹಿಸುವರು. ದಾರಿ ತೋಚದಾಗ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಈ ಸರ್ಕಾರಿ ಸೇವೆ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಚಿಕಿತ್ಸೆಯಲ್ಲಿ ಮನೆಯವರ ಸ್ಥಾನವೂ ದೊಡ್ಡದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲಿಯೇ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರ ಭಯವೂ ಹೋಯಿತು. ಯಾವ ಶಾಖೆಯ ತಜ್ಞರೇ ಇರಲಿ, ಮನೆಯವರಿಲ್ಲದೆ ಅವರ ಕೆಲಸ ಅರ್ಧ.

ಈಚೆಗೆ ಆ ಯುವತಿಯ ಪತ್ರ ಬಂದಿತು. ವಾರ್ಡಿನಲ್ಲಿ ಮೊದಲ ಕೆಲವು ವಾರ ಪ್ರತಿ ಹಾಸಿಗೆಯಲ್ಲಿಯೂ ಅಣ್ಣನೇ ಕಾಣುತ್ತಿದ್ದನೆಂದು ಬರೆದಿದ್ದಾಳೆ. ರೋಗಿಯೊಬ್ಬ ನಾಲ್ಕನೆಯ ಸಲ ಕುಡಿದು ಬಂದು ತಲೆತಗ್ಗಿಸಿ ನಿಂತಾಗ, ತನಗೆ ಸಿಟ್ಟಾಗಲಿ ಅಳುವಾಗಲಿ ಬರಲಿಲ್ಲವಂತೆ. ಕುರ್ಚಿ ಎಳೆದು ಕೂರಿಸಿ, ಈ ಸಲ ಎಲ್ಲಿ ತಪ್ಪಿತು ನೋಡೋಣ ಎಂದಳಂತೆ. ಈಗ ಡಿ.ಎಂ. ಪ್ರವೇಶ ಪರೀಕ್ಷೆಗೆ ಸಿದ್ಧತೆ ನಡೆಸಿದ್ದಾಳೆ. ಸ್ಥಾನ ಸಿಗದಿದ್ದರೆ ತನ್ನ ಜಿಲ್ಲೆಗೇ ಮರಳಿ ಎಲ್ಲ ರೋಗಿಗಳನ್ನೂ ನೋಡುತ್ತ, ವಾರಕ್ಕೊಂದು ದಿನ ವ್ಯಸನಿಗಳಿಗಾಗಿಯೇ ಮೀಸಲಿಡುವುದಾಗಿ ಬರೆದಿದ್ದಾಳೆ. ಎರಡೂ ಒಳ್ಳೆಯ ದಾರಿಗಳೇ.

ಪತ್ರದ ಕೊನೆಯಲ್ಲಿ ತಂದೆಯ ಸುದ್ದಿಯೂ ಇದೆ. ಊರಿನಲ್ಲಿ ಕುಡಿತಕ್ಕೆ ಬಿದ್ದ ಪಕ್ಕದ ಮನೆಯ ಹುಡುಗನನ್ನು ಅವರೇ ಬಸ್ಸು ಹತ್ತಿಸಿಕೊಂಡು ಮಗಳ ವಾರ್ಡಿಗೆ ಕರೆತಂದಿದ್ದರಂತೆ. ಅವನು ದಾಖಲಾಗುವವರೆಗೂ ಜೊತೆಯಲ್ಲಿಯೇ ಕುಳಿತಿದ್ದು, ಸಂಜೆಯ ಬಸ್ಸಿಗೆ ಊರಿಗೆ ಹೊರಡುವಾಗ ಮಗಳಿಗೆ, "ಇವನ ಜೋಡಿ ಮಾತಾಡವ್ವಾ" ಎಂದಷ್ಟೇ ಹೇಳಿದರಂತೆ.